ಮುತ್ತಮ್ಮನವರ ಮೊಕದ್ದಮೆ ಮುಗಿದಿದೆಯೇ?

ಕಳೆದ ಜನವರಿಯ ಒಂದು ಭಾನುವಾರ ನಮ್ಮ ಸಂಘದ ಮುಂದಿನ ಅವಧಿಯ ಪದಾಧಿಕಾರಿಗಳ ಬಗ್ಗೆ ಸಮಾಲೋಚಿಸಲು ನಾವು ಏಳೆಂಟು ಮಂದಿ ಸೇರಿದ್ದೆವು. ಹೊರಗೆ ದಿಲ್ಲಿಯ ದಟ್ಟ ಮಂಜು. ಒಳಗೆ ಹೀಟರಿನ ಸುತ್ತ ಕುರ್ಚಿಗಳು, ಕೈಯಲ್ಲಿ ಕಾಫಿ. ಅಧ್ಯಕ್ಷ ಸ್ಥಾನಕ್ಕೆ ಈ ಸಲ ಒಬ್ಬ ಮಹಿಳೆಯ ಹೆಸರು ಸೂಚಿತವಾಗಿತ್ತು. ಗುರುಗ್ರಾಮದ ಒಂದು ದೊಡ್ಡ ಕಂಪನಿಯಲ್ಲಿ ಅವರು ಉಪಾಧ್ಯಕ್ಷೆ. ನಾನೂರು ಜನರ ಕೆಲಸ ಅವರ ಕೈಕೆಳಗೆ ನಡೆಯುತ್ತದೆ. ನಮ್ಮ ಸಂಘದ ಲೆಕ್ಕಪತ್ರ ಅಸ್ತವ್ಯಸ್ತವಾಗಿದ್ದಾಗ ಎರಡೇ ವಾರದಲ್ಲಿ ಅದನ್ನು ಸರಿಪಡಿಸಿ ಕೊಟ್ಟವರು. ಹೆಸರು ಸೂಚಿಸಿದೊಡನೆ ಅವರು ಕೈಮುಗಿದು, "ಬೇಡ ಸಾರ್. ನಾನು ಕಂಪನಿಯ ಹುದ್ದೆಯನ್ನೇ ಬಿಡುವವಳಿದ್ದೇನೆ. ಮೈಯಲ್ಲಿ ಶಕ್ತಿ ಉಳಿದಿಲ್ಲ" ಎಂದರು. ನಮ್ಮ ಹಿರಿಯರೊಬ್ಬರು ಸಮಾಧಾನದ ಧ್ವನಿಯಲ್ಲಿ, "ಒಳ್ಳೇದೇ ಆಯ್ತು ಬಿಡಮ್ಮ, ಇನ್ನು ಮನೆ ಕಡೆ ನೋಡಿಕೋಬಹುದು" ಎಂದರು. ಸುತ್ತಲಿದ್ದವರೆಲ್ಲ ತಲೆದೂಗಿದರು. ನಾನೂ ತಲೆದೂಗಿದೆ.

ಆ ತಲೆದೂಗುವಿಕೆಯೇ ಈ ಸಂಪಾದಕೀಯಕ್ಕೆ ಕಾರಣ. ಮನೆಗೆ ಬಂದ ಮೇಲೂ ಅದು ನನ್ನನ್ನು ಬಿಡಲಿಲ್ಲ. ನಲವತ್ತೈದರ ಪ್ರಾಯದಲ್ಲಿ ಒಬ್ಬ ಗಂಡಸು, "ಮೈಯಲ್ಲಿ ಶಕ್ತಿ ಇಲ್ಲ, ಹುದ್ದೆ ಬಿಡುತ್ತೇನೆ" ಎಂದಿದ್ದರೆ ನಾವು ಏನೆನ್ನುತ್ತಿದ್ದೆವು? ವೈದ್ಯರನ್ನು ಕಂಡಿರಾ ಎಂದು ಕೇಳುತ್ತಿದ್ದೆವು. ರಜೆ ಹಾಕಿ ಊರಿಗೆ ಹೋಗಿಬನ್ನಿ, ಹುದ್ದೆ ಮಾತ್ರ ಬಿಡಬೇಡಿ ಎನ್ನುತ್ತಿದ್ದೆವು. ಹೆಣ್ಣು ಅದೇ ಮಾತನ್ನಾಡಿದಾಗ ಅದು ನಮಗೆ ಕಾಯಿಲೆಯ ಲಕ್ಷಣವಾಗಿ ಕೇಳಿಸಲಿಲ್ಲ. ದಾರಿ ತಪ್ಪಿದವರು ಮನೆಗೆ ಮರಳಿದ ಶುಭವಾರ್ತೆಯಾಗಿ ಕೇಳಿಸಿತು.

ಮಹತ್ತ್ವಾಕಾಂಕ್ಷೆ ಮತ್ತು ಸ್ವಂತ ನೆಮ್ಮದಿಗಳ ನಡುವೆ ಸಮತೋಲನ ಎಂಬ ಮಾತು ಈಗ ಎಲ್ಲೆಡೆ ಕೇಳಿಬರುತ್ತಿದೆ. ಉನ್ನತ ಹುದ್ದೆಯಲ್ಲಿರುವ ಮಹಿಳೆಯನ್ನು ಸಂದರ್ಶಿಸುವ ಯಾರೂ ಈ ಪ್ರಶ್ನೆಯನ್ನು ಕೇಳದೆ ಬಿಡುವುದಿಲ್ಲ. ಪ್ರಶ್ನೆ ಕೆಟ್ಟದ್ದಲ್ಲ. ಆದರೆ ಅದನ್ನು ಯಾರಿಗೆ ಕೇಳಲಾಗುತ್ತಿದೆ, ಯಾರಿಗೆ ಕೇಳಲಾಗುತ್ತಿಲ್ಲ ಎಂಬುದನ್ನು ನಾವು ಗಮನಿಸಬೇಕು. ಈ ರಾಜಧಾನಿಯಲ್ಲಿ ಆ ಪ್ರಶ್ನೆಗೆ ಒಂದು ಚರಿತ್ರೆಯಿದೆ. ಆ ಚರಿತ್ರೆಯ ನಡುವಿನಲ್ಲಿ ನಿಂತಿರುವವರು ನಮ್ಮ ನಾಡಿನ ಒಬ್ಬ ಹೆಣ್ಣುಮಗಳು.

ಚೋನಿರ ಬೆಳ್ಳಿಯಪ್ಪ ಮುತ್ತಮ್ಮನವರು 1924ರಲ್ಲಿ ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲೇ ತಂದೆಯನ್ನು ಕಳೆದುಕೊಂಡ ಮಕ್ಕಳನ್ನು ತಾಯಿ ಓದಿಸಿದರು. ಮಡಿಕೇರಿಯಲ್ಲಿ ಶಾಲೆ, ಮದರಾಸಿನಲ್ಲಿ ಕಾಲೇಜು ಮುಗಿಸಿ, ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ, 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆಯಾದರು. ಸೇರುವಾಗ ಅವರಿಂದ ಒಂದು ಮುಚ್ಚಳಿಕೆ ಬರೆಸಿಕೊಳ್ಳಲಾಯಿತು: ಮದುವೆಯಾದರೆ ರಾಜೀನಾಮೆ ಕೊಡಬೇಕು. ಜೊತೆಯಲ್ಲಿ ಸೇರಿದ ಗಂಡಸರಿಂದ ಅಂಥ ಮುಚ್ಚಳಿಕೆ ಕೇಳಿರಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಮುಂದೆ 1961ರ ನಿಯಮಾವಳಿ ಬಂದಾಗ ಈ ತಾರತಮ್ಯ ಸ್ಪಷ್ಟವಾದ ಅಕ್ಷರರೂಪ ಪಡೆಯಿತು. ವಿದೇಶಾಂಗ ಸೇವೆಯ ಮಹಿಳೆ ಮದುವೆಗೆ ಮುಂಚೆ ಸರಕಾರದ ಲಿಖಿತ ಅನುಮತಿ ಪಡೆಯಬೇಕು. ಮದುವೆಯಾದ ಮೇಲೆ ಅವಳ ಸಂಸಾರದ ಹೊಣೆಗಳು ದಕ್ಷತೆಗೆ ಅಡ್ಡಿಯಾಗುತ್ತಿವೆ ಎಂದು ಸರಕಾರಕ್ಕೆ ಮನವರಿಕೆಯಾದರೆ ಅವಳು ರಾಜೀನಾಮೆ ಕೊಡಬೇಕಾಗಬಹುದು ಎಂದಿತು ಒಂದು ನಿಯಮ. ವಿವಾಹಿತ ಮಹಿಳೆಗೆ ಈ ಸೇವೆಗೆ ನೇಮಕಗೊಳ್ಳುವ ಹಕ್ಕೇ ಇಲ್ಲ ಎಂದಿತು ಇನ್ನೊಂದು. ಗಣರಾಜ್ಯದ ಸಂವಿಧಾನ ಜಾರಿಗೆ ಬಂದು ಹನ್ನೊಂದು ವರ್ಷಗಳಾದ ಮೇಲೆ, ಸಮಾನತೆಯ ವಿಧಿಗಳನ್ನು ಓದಿಕೊಂಡ ಅಧಿಕಾರಿಗಳೇ ಬರೆದ ನಿಯಮಗಳಿವು.

ಮುತ್ತಮ್ಮನವರು 1970ರಲ್ಲಿ ಹಂಗೆರಿಗೆ ರಾಯಭಾರಿಯಾದರು. ವೃತ್ತಿ ರಾಜತಾಂತ್ರಿಕರ ಪೈಕಿ ಆ ಪದವಿಗೇರಿದ ಮೊದಲ ಭಾರತೀಯ ಮಹಿಳೆ ಅವರು. ಆದರೂ ಸೇವೆಯ ಅತ್ಯುನ್ನತ ಶ್ರೇಣಿಯ ಬಡ್ತಿ ಅವರಿಗೆ ತಪ್ಪಿದಾಗ ಅವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಒಬ್ಬ ರಾಯಭಾರಿ ತನ್ನ ಸರಕಾರದ ವಿರುದ್ಧವೇ ರಿಟ್ ಅರ್ಜಿ ಹಾಕುವುದು ಇಂದಿಗೂ ಸಾಮಾನ್ಯ ಸಂಗತಿಯಲ್ಲ. ಅರ್ಜಿ ವಿಚಾರಣೆಯಲ್ಲಿರುವಾಗಲೇ ಸರಕಾರ ಅವರಿಗೆ ಬಡ್ತಿ ಕೊಟ್ಟಿತು. ವಿವಾಹಿತೆಯರ ನೇಮಕದ ನಿಯಮವನ್ನು 1973ರಲ್ಲೇ ತೆಗೆದುಹಾಕಿದ್ದೇವೆ, ಅನುಮತಿಯ ನಿಯಮವನ್ನೂ ತೆಗೆಯಲಿದ್ದೇವೆ ಎಂದು ನ್ಯಾಯಾಲಯಕ್ಕೆ ತಿಳಿಸಿತು. 1979ರ ಸೆಪ್ಟೆಂಬರ್ 17ರಂದು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಬರೆದ ತೀರ್ಪಿನಲ್ಲಿ ತಾಂತ್ರಿಕವಾಗಿ ಅರ್ಜಿ ವಜಾ ಆಯಿತು. ಆದರೆ ಆ ತೀರ್ಪನ್ನು ಓದಿದವರು ಅದನ್ನು ಸೋಲೆನ್ನಲಾರರು. ಸಂಸಾರದ ಹೊಣೆ ಹೆಣ್ಣಿನ ದಕ್ಷತೆಗೆ ಅಡ್ಡಿಯೆನ್ನುವುದಾದರೆ ಗಂಡಿಗೂ ಅದೇ ಸನ್ನಿವೇಶ ಒದಗಬಹುದಲ್ಲ ಎಂಬುದು ನ್ಯಾಯಮೂರ್ತಿಗಳ ವಾದದ ತಿರುಳು. ಮುತ್ತಮ್ಮನವರ ಸೇವಾಹಿರಿತನವನ್ನು ಮರುಪರಿಶೀಲಿಸಬೇಕೆಂದೂ, ಲಿಂಗತಾರತಮ್ಯದ ಕಲೆ ಹೋಗುವಂತೆ ಸೇವಾ ನಿಯಮಗಳನ್ನೆಲ್ಲ ತಿದ್ದಬೇಕೆಂದೂ ನ್ಯಾಯಾಲಯ ಹೇಳಿತು.

ಮುತ್ತಮ್ಮನವರು ಮದುವೆಯಾಗಲಿಲ್ಲ. ನಮ್ಮಲ್ಲಿ ಕೆಲವರು ಇದನ್ನು ತ್ಯಾಗವೆಂದು ಕೊಂಡಾಡುತ್ತಾರೆ. ಕೆಲವರು ಪಾಪ ಎನ್ನುತ್ತಾರೆ. ಎರಡೂ ಉದ್ಧಟತನದ ಮಾತುಗಳೇ. ಅವರ ಒಳಬದುಕು ಅವರದು. ನಿಯಮವೊಂದು ಒಬ್ಬ ಮನುಷ್ಯಳ ಮುಂದೆ ಎರಡು ಬಾಗಿಲುಗಳನ್ನಿಟ್ಟು ಒಂದನ್ನು ತೆರೆದರೆ ಇನ್ನೊಂದು ಮುಚ್ಚುವುದೆಂದು ಬೆದರಿಸಿತು ಎಂಬುದಷ್ಟೇ ಸಾರ್ವಜನಿಕರಾದ ನಮಗೆ ಸಂಬಂಧಿಸಿದ ವಿಷಯ. 1982ರಲ್ಲಿ ನಿವೃತ್ತರಾದ ಅವರು 2009ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ಆಡಳಿತ ವ್ಯವಸ್ಥೆಯನ್ನು ಕಟುವಾಗಿ ವಿಮರ್ಶಿಸಿ ಪುಸ್ತಕ ಬರೆದ ಅವರೇ ಕೊಡವರ ಅಡುಗೆಯ ಬಗೆಗಿನ ಒಂದು ಪುಸ್ತಕಕ್ಕೂ ಸಹಲೇಖಕಿ. ಅಡುಗೆಮನೆಗೂ ಅಧಿಕಾರಕ್ಕೂ ಹುಟ್ಟುವೈರವೇನಿಲ್ಲ. ವೈರವನ್ನು ತಂದದ್ದು ನಿಯಮ.

ಮುತ್ತಮ್ಮನವರಿಗೂ ಮುಂಚೆ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು ಈ ದಿಲ್ಲಿಯ ಆಡಳಿತ ಪ್ರಪಂಚದಲ್ಲಿ ಕಟ್ಟಿದ್ದೆಷ್ಟು! ದೇಶವಿಭಜನೆಯ ನಿರಾಶ್ರಿತರ ಪುನರ್ವಸತಿಗಾಗಿ ಅವರು ಸಹಕಾರ ತತ್ತ್ವದ ಮೇಲೆ ಛತ್ತರ್‌ಪುರದಲ್ಲಿ, ಫರೀದಾಬಾದಿನಲ್ಲಿ ದುಡಿದರು. ಇಂದು ನಾವು ರಾಜಧಾನಿ ವಲಯವೆಂದು ಕರೆಯುವ ಪ್ರದೇಶದ ಒಂದು ನಗರದ ತಳಪಾಯದಲ್ಲಿ ಕರಾವಳಿಯ ಒಬ್ಬ ಹೆಣ್ಣಿನ ಬೆವರಿದೆ. 1952ರಿಂದ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾಗಿ ದೀರ್ಘಕಾಲ ಕೆಲಸ ಮಾಡಿದರು. ಬಾಲ್ಯದ ವೈಧವ್ಯ, ಮರುಮದುವೆ, ವಿಚ್ಛೇದನ, ಒಬ್ಬ ಮಗನನ್ನು ಬೆಳೆಸುವ ಹೊಣೆ, ನಡುನಡುವೆ ಸೆರೆವಾಸ - ಇವುಗಳಲ್ಲಿ ಯಾವುದೂ ಅವರ ದಕ್ಷತೆಗೆ ಅಡ್ಡಿಬರಲಿಲ್ಲ. ಹಾಗೆಂದು ಎಲ್ಲ ಹೆಣ್ಣುಮಕ್ಕಳೂ ಕಮಲಾದೇವಿಯವರಂತೆ ಆಗಬೇಕೆನ್ನುವುದು ಇನ್ನೊಂದು ಬಗೆಯ ಕ್ರೌರ್ಯ. ಅಸಾಧಾರಣರಾದ ಹೆಣ್ಣುಗಳಿಗೆ ಮಾತ್ರ ಜಾಗ ಕೊಡುವ ಸಮಾಜ ನ್ಯಾಯವಾದ ಸಮಾಜವಲ್ಲ. ಸಾಧಾರಣ ಗಂಡಸರು ದೊಡ್ಡ ಹುದ್ದೆಗಳಲ್ಲಿ ಸುಖವಾಗಿ ಕೂತಿರುವುದನ್ನು ಈ ಊರಿನಲ್ಲಿ ನಾನು ಬೇಕಾದಷ್ಟು ಕಂಡಿದ್ದೇನೆ. ಅವರಲ್ಲಿ ನಾನೂ ಒಬ್ಬ.

ಕಾನೂನುಗಳೇನೋ ಬದಲಾಗಿವೆ. 2013ರ ಕಂಪನಿ ಕಾಯ್ದೆಯ ಪ್ರಕಾರ ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಗಳ ನಿರ್ದೇಶಕ ಮಂಡಳಿಯಲ್ಲಿ ಒಬ್ಬ ಮಹಿಳೆಯಾದರೂ ಇರಬೇಕಾಯಿತು. ಹೆರಿಗೆ ರಜೆಯನ್ನು 2017ರ ತಿದ್ದುಪಡಿ 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಕೇಂದ್ರ ಸರಕಾರದ ಮಹಿಳಾ ನೌಕರರಿಗೆ 2008ರಿಂದ ಮಕ್ಕಳ ಪಾಲನೆಗೆಂದು ಒಟ್ಟು 730 ದಿನಗಳ ರಜೆ ಸಿಗುತ್ತಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಸ್ವಲ್ಪ ನಿಧಾನಿಸಿ ನೋಡಿ. ಆ 2017ರ ತಿದ್ದುಪಡಿಯಲ್ಲಿ ತಂದೆಯ ರಜೆಯ ಪ್ರಸ್ತಾಪವೇ ಇರಲಿಲ್ಲ. ಆ 730 ದಿನಗಳ ರಜೆ ಗಂಡಸಿಗೆ ಸಿಗಬೇಕಾದರೆ ಅವನು ವಿಧುರನೋ ವಿಚ್ಛೇದಿತನೋ ಅವಿವಾಹಿತನೋ ಆಗಿ ಒಂಟಿಯಾಗಿ ಮಗುವನ್ನು ಸಾಕುತ್ತಿರಬೇಕು. ಮನೆಯಲ್ಲಿ ಹೆಂಡತಿಯಿರುವ ಗಂಡಸಿಗೆ ಮಗುವಿನ ಪಾಲನೆಯ ಕೆಲಸವಿಲ್ಲ ಎಂಬುದು ಇದರ ಅರ್ಥವಲ್ಲವೇ? ಹೆಣ್ಣಿಗೆ ಉಪಕಾರ ಮಾಡಲು ಹೊರಟ ನಿಯಮದೊಳಗೇ 1961ರ ಮನಸ್ಸು ಅಡಗಿ ಕುಳಿತಿದೆ.

ಆ ಮನಸ್ಸು ಸುಲಭವಾಗಿ ಸಾಯುವಂಥದಲ್ಲ. ಸೇನೆಯಲ್ಲಿ ಮಹಿಳಾ ಅಧಿಕಾರಿಗಳಿಗೆ ಕಾಯಂ ಕಮಿಷನ್ ನೀಡುವ ಮೊಕದ್ದಮೆಯಲ್ಲೂ ತಾಯ್ತನ, ಸಂಸಾರದ ಹೊಣೆ ಎಂಬ ಕಾರಣಗಳನ್ನೇ ಸರಕಾರ ಮುಂದಿಟ್ಟಿತು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಅವುಗಳನ್ನು ತಳ್ಳಿಹಾಕಿತು. ಮದುವೆಯಾದ ಕಾರಣಕ್ಕೆ 1988ರಲ್ಲಿ ಸೇನಾ ನರ್ಸಿಂಗ್ ಸೇವೆಯಿಂದ ಹೊರದೂಡಲ್ಪಟ್ಟ ಅಧಿಕಾರಿಯೊಬ್ಬರಿಗೆ 60 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಅದೇ ನ್ಯಾಯಾಲಯ ಆದೇಶಿಸಿದ್ದು 2024ರಲ್ಲಿ. ಮುತ್ತಮ್ಮನವರ ತೀರ್ಪು ಬಂದು ಆಗ ನಲವತ್ತೈದು ವರ್ಷಗಳಾಗುತ್ತ ಬಂದಿದ್ದವು.

ಈಗ ಗುರುಗ್ರಾಮದ ಆ ಹೆಣ್ಣುಮಗಳ ದಿನಚರಿಗೆ ಬರೋಣ. 2023ರ ಅಕ್ಟೋಬರಿನಲ್ಲಿ ನಮ್ಮವರೇ ಆದ ಎನ್.ಆರ್. ನಾರಾಯಣಮೂರ್ತಿಯವರು ಯುವಜನರು ವಾರಕ್ಕೆ 70 ಗಂಟೆ ದುಡಿಯಬೇಕೆಂದಾಗ ದೇಶದಲ್ಲೆಲ್ಲ ಚರ್ಚೆಯೆದ್ದಿತು. ಅವರ ದೇಶಕಾಳಜಿಯನ್ನು ನಾನು ಶಂಕಿಸುವುದಿಲ್ಲ. ಆದರೆ ಕಾಗದ ಪೆನ್ನು ಹಿಡಿದು ಒಂದು ಲೆಕ್ಕ ಹಾಕಿದೆ. ವಾರಕ್ಕೆ 70 ಗಂಟೆಯೆಂದರೆ ಆರು ದಿನಗಳಿಗೆ ಹಂಚಿದಾಗ ದಿನಕ್ಕೆ 11 ಗಂಟೆ 40 ನಿಮಿಷ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕಳೆಯುತ್ತಾರೆ. ಗಂಡಸರು 88 ನಿಮಿಷ. ದ್ವಾರಕೆಯಿಂದ ಗುರುಗ್ರಾಮದ ಕಚೇರಿಗೆ ಹೋಗಿಬರಲು ಎರಡು ಗಂಟೆ ಹಿಡಿಯಿರಿ. ನಿದ್ದೆ, ಸ್ನಾನ, ಊಟಗಳಿಗೆ ಗಂಡಸಿಗೆ ಉಳಿಯುವುದು 8 ಗಂಟೆ 52 ನಿಮಿಷ. ಹೆಂಗಸಿಗೆ 5 ಗಂಟೆ 31 ನಿಮಿಷ. ದೊಡ್ಡ ಹುದ್ದೆಯವರ ಮನೆಯಲ್ಲಿ ಕೆಲಸದವರಿರುತ್ತಾರಲ್ಲ ಎಂದು ತಾವು ಕೇಳಬಹುದು. ನಿಜ. ಆದರೆ ಕೆಲಸದವಳು ಬಾರದ ದಿನ ಫೋನು ಬರುವುದು ಯಾರಿಗೆ? ಮಗುವಿಗೆ ಜ್ವರವೆಂದು ಶಾಲೆಯವರು ಕರೆಯುವುದು ಯಾರನ್ನು? ಮೈಸೂರಿನಲ್ಲಿರುವ ಅತ್ತೆಯ ಔಷಧಿ ಮುಗಿದದ್ದು ಯಾರ ತಲೆಯಲ್ಲಿ ಇರಬೇಕು? ಮನೆಗೆಲಸವನ್ನು ಬೇರೆಯವರಿಗೆ ಒಪ್ಪಿಸಬಹುದು. ಮನೆಯ ಚಿಂತೆಯನ್ನು ಒಪ್ಪಿಸಲಾಗುವುದಿಲ್ಲ, ಅದನ್ನು ಹಂಚಿಕೊಳ್ಳಬೇಕಷ್ಟೆ.

ಹೊರನಾಡಿನಲ್ಲಿರುವ ನಮಗೆ ಈ ಹೊರೆ ಇಮ್ಮಡಿ. ಒಳನಾಡಿನಲ್ಲಿ ಬಾಣಂತನಕ್ಕೆ ತವರಿದೆ, ಮಗುವನ್ನು ಒಂದು ತಾಸು ಬಿಟ್ಟು ಬರಲು ಪಕ್ಕದ ಬೀದಿಯಲ್ಲಿ ಚಿಕ್ಕಮ್ಮನ ಮನೆಯಿದೆ. ಇಲ್ಲಿ ತವರು ಎರಡು ಸಾವಿರ ಕಿಲೋಮೀಟರು ದೂರ. ನೋಯ್ಡಾದ ಇಪ್ಪತ್ತನೆಯ ಅಂತಸ್ತಿನಲ್ಲಿ ಪಕ್ಕದ ಮನೆಯವರ ಹೆಸರೂ ತಿಳಿದಿರುವುದಿಲ್ಲ. ಕಂಪನಿಗಳು ಇದಕ್ಕೆ ಹುಡುಕಿರುವ ಪರಿಹಾರವೆಂದರೆ ತಿಂಗಳಿಗೊಂದು ಯೋಗ ಶಿಬಿರ, ಮನಶ್ಶಾಂತಿಯ ಬಗ್ಗೆ ಒಂದು ಉಪನ್ಯಾಸ. ಯೋಗ ಒಳ್ಳೆಯದೇ. ಆದರೆ ಎರಡು ಮಣ ಭಾರ ಹೊತ್ತವಳಿಗೆ ಉಸಿರಾಡುವ ಕ್ರಮ ಕಲಿಸುವುದಕ್ಕಿಂತ ಒಂದು ಮಣ ಇಳಿಸಿಕೊಳ್ಳುವುದು ಹೆಚ್ಚು ಪ್ರಾಮಾಣಿಕವಾದ ಉಪಾಯ.

ಇಷ್ಟು ಬರೆದು ಸುಮ್ಮನಾದರೆ ಅದು ಪರೋಪದೇಶವಾಗುತ್ತದೆ. ಆದ್ದರಿಂದ ನನ್ನ ಮನೆಯ ಮಾತೊಂದನ್ನು ಹೇಳಬೇಕಾಗಿದೆ. ಹೇಳಲು ನನ್ನ ಪತ್ನಿಯ ಒಪ್ಪಿಗೆಯನ್ನು ಪಡೆದಿದ್ದೇನೆ. ನಾನು ಕೇಂದ್ರ ಸರಕಾರದ ನೌಕರಿಯಲ್ಲಿದ್ದೆ. ಅವಳು ಒಂದು ಬ್ಯಾಂಕಿನಲ್ಲಿದ್ದಳು. 1986ರಲ್ಲಿ ನನಗೆ ಬಡ್ತಿಯ ಮೇಲೆ ಗೌಹಾತಿಗೆ ವರ್ಗವಾಯಿತು. ಮೂರು ವರ್ಷ ಅಲ್ಲಿದ್ದೆ. ಎರಡು ಚಿಕ್ಕ ಮಕ್ಕಳನ್ನು ಕಟ್ಟಿಕೊಂಡು, ಬೆಳಗಿನ ಐದೂವರೆಗೆ ಹಾಲಿನ ಬೂತಿನ ಮುಂದೆ ನಿಂತು, ಚಾರ್ಟರ್ಡ್ ಬಸ್ಸು ಹಿಡಿದು ಅವಳು ಬ್ಯಾಂಕಿಗೂ ಹೋದಳು, ಮನೆಯನ್ನೂ ನಡೆಸಿದಳು. ಸಂಸಾರ ಮತ್ತು ಬಡ್ತಿಯನ್ನು ಹೇಗೆ ತೂಗಿಸುತ್ತೀರಿ ಎಂದು ಆ ಮೂರು ವರ್ಷಗಳಲ್ಲಿ ಯಾರೊಬ್ಬರೂ ನನ್ನನ್ನು ಕೇಳಲಿಲ್ಲ. 1992ರಲ್ಲಿ ಅವಳಿಗೆ ಬಡ್ತಿ ಬಂತು, ಜೈಪುರಕ್ಕೆ ವರ್ಗ. ಒಂದು ವಾರ ಮನೆಯಲ್ಲಿ ಆ ಪತ್ರ ದೇವರ ಗೂಡಿನಲ್ಲಿ ಇತ್ತು. ಎಂಟನೆಯ ದಿನ ಅವಳು ಬಡ್ತಿ ಬೇಡವೆಂದು ಬರೆದುಕೊಟ್ಟಳು. ಆ ಮೇಲೆ ಅವಳ ಕೈಕೆಳಗೆ ಕೆಲಸ ಕಲಿತವರು ಅವಳಿಗೆ ಮೇಲಧಿಕಾರಿಗಳಾಗಿ ಬಂದರು. ಆ ನಿರ್ಧಾರ ಅವಳದೇ ಎಂದು ನಾನು ಬಹುಕಾಲ ನಂಬಿದ್ದೆ. ಜನವರಿಯ ಆ ಭಾನುವಾರ ರಾತ್ರಿ ಸಭೆಯ ವಿಷಯ ಹೇಳುತ್ತ ಅದನ್ನೇ ಅಂದೆ. ಅವಳು ಕೋಪಿಸಿಕೊಳ್ಳಲಿಲ್ಲ. "ನೀವು ಬೇಡ ಅನ್ನಲಿಲ್ಲ. ಹೋಗು ಅಂತಲೂ ಅನ್ನಲಿಲ್ಲ. ನೀವು ಗೌಹಾತಿಗೆ ಹೊರಟಾಗ ನಾನು ಹೋಗಿ ಬನ್ನಿ ಅಂದಿದ್ದೆ" ಎಂದಳು.

ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಸರಕಾರ 1961ರಲ್ಲಿ ಬರೆದು ಆಮೇಲೆ ಅಳಿಸಿದ ನಿಯಮವನ್ನು ನಾನು ಬರೆಯದೆಯೇ ನನ್ನ ಮನೆಯಲ್ಲಿ ಜಾರಿಯಲ್ಲಿಟ್ಟಿದ್ದೆ. ಬರೆದ ನಿಯಮದ ವಿರುದ್ಧ ನ್ಯಾಯಾಲಯಕ್ಕೆ ಹೋಗಬಹುದು. ಗಂಡನ ಮೌನದ ವಿರುದ್ಧ ಯಾವ ನ್ಯಾಯಾಲಯಕ್ಕೆ ಹೋಗುವುದು?

ನಮ್ಮ ಸಂಘಗಳ ಸ್ಥಿತಿಯೂ ಇದಕ್ಕಿಂತ ಭಿನ್ನವಲ್ಲ. ರಾಜ್ಯೋತ್ಸವ ಬಂದಾಗ ಮಹಿಳಾ ವಿಭಾಗಕ್ಕೆ ರಂಗೋಲಿ, ಅಡುಗೆ ಸ್ಪರ್ಧೆ, ಪೂರ್ಣಕುಂಭದ ಸ್ವಾಗತಗಳನ್ನು ವಹಿಸುತ್ತೇವೆ. ಭಾಷೆ, ಗಡಿ, ಕಾವೇರಿಗಳ ಬಗ್ಗೆ ವೇದಿಕೆಯ ಮೇಲೆ ಗಂಡಸರು ಮಾತನಾಡುತ್ತಾರೆ. ಕಾರ್ಯಕಾರಿ ಸಮಿತಿಯ ಸಭೆಗಳನ್ನು ಸಂಜೆ ಏಳಕ್ಕೆ ಕರೆದು ಹತ್ತಕ್ಕೆ ಮುಗಿಸುತ್ತೇವೆ. ಆಮೇಲೆ ಹೆಂಗಸರು ಸಭೆಗೆ ಬರುವುದೇ ಇಲ್ಲವೆಂದು ವಿಷಾದಿಸುತ್ತೇವೆ. ಹೊರನಾಡಿನಲ್ಲಿ ಕನ್ನಡ ಉಳಿದಿರುವುದು ಮನೆಯಲ್ಲಿ ಮಕ್ಕಳೊಡನೆ ಕನ್ನಡವಾಡುವ ತಾಯಂದಿರಿಂದ ಎಂದು ಭಾಷಣ ಮಾಡುವ ನಾವು, ಮಕ್ಕಳೊಡನೆ ಮಾತನಾಡಲು ಆ ತಾಯಿಗೆ ಉಸಿರು ಉಳಿದಿದೆಯೇ ಎಂದು ಕೇಳಿಲ್ಲ. ಆ ಕೆಲಸ ತಂದೆಯದೂ ಹೌದೆಂದು ಹೇಳಿಲ್ಲ.

ಏನು ಮಾಡಬಹುದು? ದೊಡ್ಡ ಕ್ರಾಂತಿಯ ಮಾತು ಬೇಡ. ನಮ್ಮ ಕೈಯಲ್ಲಾಗುವ ನಾಲ್ಕು ಕೆಲಸಗಳನ್ನು ಸೂಚಿಸುತ್ತೇನೆ. ಸಂಘದ ಸಭೆಗಳು ಭಾನುವಾರ ಬೆಳಿಗ್ಗೆ ನಡೆದು ಊಟದ ಹೊತ್ತಿಗೆ ಮುಗಿಯಲಿ. ಆ ಹೊತ್ತಿನಲ್ಲಿ ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಸರದಿ ಗಂಡಸರದಾಗಲಿ. ಎರಡನೆಯದಾಗಿ, ನಿವೃತ್ತರಾಗಿ ಕೈಯಲ್ಲಿ ಕಾಲವಿರುವ ನನ್ನಂಥ ಹಿರಿಯ ದಂಪತಿಗಳ ಪಟ್ಟಿಯೊಂದನ್ನು ಬಡಾವಣೆವಾರು ಸಿದ್ಧಪಡಿಸೋಣ. ಮಗುವಿಗೆ ಜ್ವರ ಬಂದ ದಿನ ದ್ವಾರಕೆಯಲ್ಲೋ ಮಯೂರ ವಿಹಾರದಲ್ಲೋ ಇರುವ ಕನ್ನಡದ ಹೆಣ್ಣುಮಗಳು ಒಂದು ಫೋನು ಮಾಡಿದರೆ ಅಜ್ಜ ಅಜ್ಜಿಯರು ಹಾಜರಾಗಲಿ. ಅವಳು ಕಳೆದುಕೊಂಡ ತವರು ಸಂಘವಾಗಲಿ. ಮೂರನೆಯದಾಗಿ, ಮಹಿಳೆಯರನ್ನು ಮಹಿಳಾ ವಿಭಾಗದೊಳಗೆ ಮಾತ್ರ ಕೂರಿಸುವುದನ್ನು ಬಿಟ್ಟು ಕಾರ್ಯದರ್ಶಿ, ಖಜಾಂಚಿ, ಅಧ್ಯಕ್ಷ ಸ್ಥಾನಗಳಿಗೆ ಕರೆಯೋಣ. ಕರೆಯುವಾಗ ಕೆಲಸವನ್ನು ಹಗುರ ಮಾಡಿಕೊಟ್ಟು ಕರೆಯೋಣ. ಕೊನೆಯದು ಮತ್ತು ಅತ್ಯಂತ ಕಷ್ಟದ್ದು: ಮನೆಯಲ್ಲಿ ಹೆಂಡತಿಗೋ ಮಗಳಿಗೋ ಸೊಸೆಗೋ ಬಡ್ತಿಯ ಪತ್ರ ಬಂದಾಗ ಬಾಯಿಬಿಟ್ಟು "ಹೋಗು, ಇಲ್ಲಿಯದನ್ನು ನಾನು ನೋಡಿಕೊಳ್ಳುತ್ತೇನೆ" ಎನ್ನೋಣ. ಅವಳು ವಿಚಾರಮಾಡಿ ಬೇಡವೆಂದರೆ ಅದನ್ನೂ ಗೌರವಿಸೋಣ. ಹುದ್ದೆಯನ್ನು ಒಲ್ಲೆನೆನ್ನುವ ಸ್ವಾತಂತ್ರ್ಯವೂ ಅವಳದೇ. ಆದರೆ ಹೋಗಬಹುದಾಗಿದ್ದವಳು ಹೋಗದಿದ್ದರೆ ಮಾತ್ರ ಅದನ್ನು ಆಯ್ಕೆಯೆನ್ನಬಹುದು.

ಗುರುಗ್ರಾಮದ ಆ ಸದಸ್ಯೆಯನ್ನು ಕಳೆದ ತಿಂಗಳು ನನ್ನ ಪತ್ನಿಯೊಡನೆ ಹೋಗಿ ಕಂಡೆ. ಅಂದು ತಲೆದೂಗಿದ್ದಕ್ಕೆ ಕ್ಷಮೆ ಕೇಳಿದೆ. ಅವರು ರಾಜೀನಾಮೆಯನ್ನು ಸದ್ಯಕ್ಕೆ ತಡೆಹಿಡಿದು ಮೂರು ತಿಂಗಳ ರಜೆ ಕೇಳಿದ್ದಾರೆ. ಮುಂದೇನು ಮಾಡುವರೋ ಅದು ಅವರ ತೀರ್ಮಾನ. ಅಧ್ಯಕ್ಷ ಸ್ಥಾನದ ಬಗ್ಗೆ ನಾನು ಒತ್ತಾಯಿಸಲಿಲ್ಲ. ಹೊರಡುವಾಗ ಅವರೇ, "ಸಭೆ ಬೆಳಿಗ್ಗೆ ಇಡ್ತೀರಾದರೆ ಹೇಳಿ ಸಾರ್, ಯೋಚಿಸ್ತೀನಿ" ಎಂದರು.

ಮುಂದಿನ ಸಭೆಯನ್ನು ಬೆಳಿಗ್ಗೆ ಹತ್ತು ಗಂಟೆಗೆ ಕರೆಯಲಾಗಿದೆ. ಮಕ್ಕಳ ಕೋಣೆಯ ಮೊದಲ ಸರದಿಗೆ ನನ್ನ ಹೆಸರನ್ನು ಬರೆಸಿದ್ದೇನೆ. ಎರಡನೆಯ ಹೆಸರಿಗಾಗಿ ಓದುಗ ಮಹನೀಯರಿಂದ ಪತ್ರಗಳನ್ನು ನಿರೀಕ್ಷಿಸುತ್ತೇನೆ.